ಚಿಕ್ಕಮ್ಮ ಖಳನಾಯಕಿಯಾದ ಬಗೆ

ವರ್ಷಗಟ್ಟಲೆ ಟಿವಿ ಧಾರಾವಾಹಿಗಳ ಅತ್ತೆ ಸೊಸೆಯರ ಬಾಯಿಗೆ ಮಾತು ಒದಗಿಸಿದವಳು ನಾನು. ಮಧುಗಿರಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ಬರೆದು ಫೋನಿನಲ್ಲೇ ಕಳಿಸಿಬಿಡುತ್ತಿದ್ದೆ. ಯಾರು ಯಾವಾಗ ಅಳಬೇಕು, ಯಾರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಕು ಎನ್ನುವುದೆಲ್ಲ ಕೈಗೆ ರೂಢಿಯಾಗಿಹೋಗಿತ್ತು. ಆದರೆ ನನಗೆ ಒಳಗೊಳಗೇ ಇಷ್ಟವಿದ್ದದ್ದು ಸಾಹಸದ ಸಿನಿಮಾ. ಓಡುವುದು, ಹತ್ತುವುದು, ಕಳೆದುಹೋದ ವಸ್ತುವನ್ನು ಹುಡುಕುವುದು. ಚಿಕ್ಕಂದಿನಿಂದ ಅಂಥ ಸಿನಿಮಾಗಳನ್ನು ನೋಡಿ ನೋಡಿ ಅವು ಹೇಗೆ ಕಟ್ಟಿಕೊಂಡಿರುತ್ತವೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥದ್ದೊಂದನ್ನು ಬರೆಯಲು ಯಾರಾದರೂ ಕೇಳಿದರೆ ಬರೆದೇ ಬರೆಯುತ್ತೇನೆ ಎಂಬ ಧೈರ್ಯವೂ ಇತ್ತು.

ಕೇಳಿದವನು ನಮ್ಮೂರಲ್ಲೇ ಮದುವೆಗಳ ವಿಡಿಯೋ ತೆಗೆಯುವ ಒಬ್ಬ ಯುವಕ. ಊರು ಕೊರಟಗೆರೆ ಕಡೆ, ಸ್ಟುಡಿಯೋ ಮಧುಗಿರಿಯಲ್ಲಿ. ಮದುಮಕ್ಕಳನ್ನು ಹೊಲದ ಬದುವಿನ ಮೇಲೆ ನಡೆಸಿ, ಮೇಲಿಂದ ಡ್ರೋನ್ ಹಾರಿಸಿ, ಅದಕ್ಕೆ ಹಿನ್ನೆಲೆ ಸಂಗೀತ ಕೂಡಿಸಿ ಸಣ್ಣ ಸಿನಿಮಾ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಮದುವೆ ತೆಗೆದು ತೆಗೆದು ಸಾಕಾಗಿದೆ, ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲೇ ನಡೆಯುವ ಒಂದು ಸಾಹಸದ ಸಿನಿಮಾ ಮಾಡೋಣ, ಬೆಟ್ಟವಿದೆ, ಗುಹೆಯಿದೆ, ಕೆರೆಯಿದೆ, ಯಾರೂ ಕ್ಯಾಮೆರಾ ತಂದಿಲ್ಲ ಅಷ್ಟೇ ಎಂದ. ಅವನ ಮಾತು ಮುಗಿಯುವ ಮೊದಲೇ ನಾನು ಒಪ್ಪಿಕೊಂಡಿದ್ದೆ.

ಆ ವಾರವೇ ಅವನ ಸ್ಟುಡಿಯೋದಲ್ಲಿ ಕೂತು ಕಥೆಯ ನಕ್ಷೆ ಹಾಕಿದೆ. ಇಂಥ ಸಿನಿಮಾದ ಮೊದಲ ಭಾಗದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುತ್ತಾನೆ. ಏನೋ ಒಂದು ಬಂದು ಅವನನ್ನು ಮನೆಯಿಂದ ಆಚೆ ಎಳೆಯುತ್ತದೆ. ಮೊದಲು ಒಲ್ಲೆ ಅನ್ನುತ್ತಾನೆ. ಆಗ ಒಬ್ಬ ಗುರು ಬಂದು ದಾರಿ ತೋರಿಸುತ್ತಾನೆ, ಇಂಟರ್ವಲ್ ಹತ್ತಿರ ಬರುವಾಗ ಸತ್ತುಹೋಗುತ್ತಾನೆ. ಗುರು ಸಾಯದಿದ್ದರೆ ನಾಯಕ ಬೆಳೆಯುವುದಿಲ್ಲ. ಜೊತೆಗೆ ನಗಿಸುವ ಒಬ್ಬ ಜೊತೆಗಾರ ಬೇಕು, ದಾರಿ ತಡೆಯುವ ಕಾವಲಿನವನು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಖಳ ಬೇಕು. ಎರಡನೇ ಭಾಗದಲ್ಲಿ ಗೆದ್ದೆವು ಅನ್ನಿಸಿ ಸೋಲಬೇಕು, ಎಲ್ಲ ಮುಗಿಯಿತು ಅನ್ನಿಸಬೇಕು, ಕೊನೆಗೆ ನಾಯಕನೂ ಖಳನೂ ಎದುರುಬದುರು ನಿಲ್ಲಬೇಕು. ಈಗ ನಮ್ಮ ನಿರ್ದೇಶಕನಾದ ಆ ಯುವಕ ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ.

ನಮ್ಮ ಕಥೆ ಹೀಗಿತ್ತು. ಸ್ಕೂಟರಿನಲ್ಲಿ ಹಳ್ಳಿ ಹಳ್ಳಿಗೆ ಕಾಗದ ಹಂಚುವ ಒಬ್ಬ ಅಂಚೆಯ ಹುಡುಗಿ. ಅವಳಿಗೆ ಒಬ್ಬರು ನಿವೃತ್ತ ಇತಿಹಾಸದ ಮೇಡಂ ಒಂದು ಸುಳಿವು ಕೊಡುತ್ತಾರೆ: ಪಾಳೇಗಾರನೊಬ್ಬನ ರತ್ನದ ಹಿಡಿಯ ಬಾಕು ಇದೇ ಸೀಮೆಯಲ್ಲಿ ಎಲ್ಲೋ ಇದೆ. ಹುಡುಕಾಟ ಮಧುಗಿರಿ ಬೆಟ್ಟದಲ್ಲಿ ಶುರುವಾಗಿ, ಕೊರಟಗೆರೆ ಕಡೆಯ ಗುಹೆಗೆ ಹೋಗಿ, ಪಾವಗಡದ ಬಯಲು ದಾಟಿ, ಶಿರಾ ಕಡೆಯ ಮದಲೂರಿನ ಕೆರೆ ಏರಿಯ ಮೇಲೆ ಮುಗಿಯುತ್ತದೆ. ದಾರಿಯುದ್ದಕ್ಕೂ ಬಾಕುವಿಗಾಗಿ ಬೆನ್ನು ಹತ್ತುವ ಖಳ.

ನಾಯಕಿಯ ಪಾತ್ರಕ್ಕೆ ದೊಡ್ಡೇರಿಯ ಒಬ್ಬ ಹುಡುಗಿ ಸಿಕ್ಕಳು. ಮಧುಗಿರಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು, ಓಡಿದರೆ ನೋಡುತ್ತಲೇ ಇರಬೇಕು ಅನ್ನಿಸುತ್ತಿತ್ತು. ಖಳನ ಪಾತ್ರಕ್ಕೆ ಪಾವಗಡದಲ್ಲಿ ಜಿಮ್ ನಡೆಸುವ ಒಬ್ಬ ದಢೂತಿ ಮನುಷ್ಯ. ಬಾಗಿಲಲ್ಲಿ ನಿಂತರೆ ಕೋಣೆ ಕತ್ತಲಾಗುವಂಥ ಮೈಕಟ್ಟು, ಗಡ್ಡ, ಕೊರಳಲ್ಲಿ ಸರ. ನಮ್ಮ ನಿರ್ದೇಶಕನಿಗಂತೂ ಅವನನ್ನು ನೋಡಿದಾಗಲೇ ಸಿನಿಮಾ ಮುಗಿದಷ್ಟು ಸಂತೋಷವಾಯಿತು.

ಗುರುವಿನ, ಅಂದರೆ ಆ ಇತಿಹಾಸದ ಮೇಡಮ್ಮಿನ ಪಾತ್ರಕ್ಕೆ ನಾನು ನನ್ನ ಚಿಕ್ಕಮ್ಮನನ್ನು ಕೇಳಿದೆ. ಅವಳು ಶಿರಾ ಕಡೆಯ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಣದ ಟೀಚರಾಗಿದ್ದು ನಿವೃತ್ತಳಾದವಳು. ಎತ್ತರದ ಹೆಂಗಸು, ಬೆನ್ನು ಈಗಲೂ ಕೋಲಿನಷ್ಟು ನೆಟ್ಟಗೆ. ಬೆಳಿಗ್ಗೆ ಎದ್ದು ಶಿರಾದ ರಸ್ತೆಯಲ್ಲಿ ಅವಳು ನಡೆಯುತ್ತಿದ್ದರೆ, ಮಕ್ಕಳಾಗಿ ಮೊಮ್ಮಕ್ಕಳ ಕನಸು ಕಾಣುತ್ತಿರುವ ಹಳೇ ಶಿಷ್ಯೆಯರೂ ಸೆರಗು ಸರಿಮಾಡಿಕೊಂಡು ಬೆನ್ನು ನೇರ ಮಾಡಿಕೊಳ್ಳುತ್ತಿದ್ದರು. ನಮ್ಮ ನಾಯಕಿಯೂ ಅವಳ ಶಿಷ್ಯೆಯೇ ಎಂದು ನನಗೆ ಗೊತ್ತಾದದ್ದು ಆಮೇಲೆ. ಚಿಕ್ಕಮ್ಮನ ಹೆಸರು ಹೇಳಿದಾಗ ಹುಡುಗಿ ಎದ್ದು ನೆಟ್ಟಗೆ ನಿಂತು, ಸರಿ ಅಂದಳು. ನಾನು ಅದನ್ನು ಗೌರವ ಎಂದುಕೊಂಡೆ.

ಚಿಕ್ಕಮ್ಮ ಚಿತ್ರಕಥೆಯನ್ನು ಪೂರ್ತಿ ಓದಿಯೇ ಒಪ್ಪುವುದು ಎಂದಳು. ಒಂದು ಮಧ್ಯಾಹ್ನ ಅವಳ ಮನೆಯ ಜಗಲಿಯಲ್ಲಿ ಕೂತು ಓದಿ ಮುಗಿಸಿ, ಕನ್ನಡಕ ತೆಗೆದು ಕೇಳಿದಳು.

"ಈ ಗಡ್ಡದವ್ನಿಗೆ ಬಾಕು ಯಾಕೆ ಬೇಕು?"

ಮಾರುವುದಕ್ಕೆ ಎಂದೆ.

"ಮಾರೋದಕ್ಕೇ ಆದ್ರೆ ಒಡವೆ ಅಂಗ್ಡಿಗೆ ನುಗ್ತಿದ್ದ ಕಣೇ. ಇಷ್ಟ್ ಮೈ ಇಟ್ಕಂಡು ಬೆಟ್ಟ ಯಾಕೆ ಹತ್ತಾನು?"

ಖಳ ಅಂದರೆ ಆಸೆ, ಆಸೆಗೆ ಕಾರಣ ಬೇಡ, ಜನ ಅದನ್ನು ಕೇಳುವುದೂ ಇಲ್ಲ ಎಂದು ನಾನು ವಾದ ಮಾಡಿದೆ. ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. ತಾನು ಇಂಟರ್ವಲ್ಲಿಗೇ ಸಾಯುತ್ತೇನೆ, ಆದ್ದರಿಂದ ಬೇಗ ಮನೆಗೆ ಹೋಗಬಹುದು ಎಂದು ತಮಾಷೆ ಮಾಡಿ ಒಪ್ಪಿಕೊಂಡಳು.

ಎಲ್ಲರಿಗೂ ಅವರವರ ಕೆಲಸವಿದ್ದುದರಿಂದ ಚಿತ್ರೀಕರಣ ಭಾನುವಾರಗಳಲ್ಲಿ. ಮೊದಲ ಭಾನುವಾರ ಮಧುಗಿರಿ ಬೆಟ್ಟ. ನಮ್ಮ ಬೆಟ್ಟ ಒಂದೇ ಬಂಡೆ. ಕೆಳಗೆ ಕೋಟೆಯ ಬಾಗಿಲುಗಳೂ ಮೆಟ್ಟಿಲುಗಳೂ ಇವೆ, ಮೇಲೆ ಹೋಗುತ್ತಾ ಮೆಟ್ಟಿಲು ಮುಗಿದು ಬೋಳು ಕಲ್ಲಿನ ಇಳಿಜಾರು, ಕಾಲಿಡಲು ಕೊರೆದ ಗುಳಿಗಳು, ಅಲ್ಲಲ್ಲಿ ಹಿಡಿದುಕೊಳ್ಳಲು ಕಂಬಿ. ಬಿಸಿಲೇರಿದರೆ ಕಲ್ಲು ಕಾಯುತ್ತದೆಂದು ಬೆಳಕು ಹರಿಯುತ್ತಲೇ ಹತ್ತಲು ಶುರುಮಾಡಿದೆವು. ಹುಡುಗಿ ಮುಂದೆ, ಅವಳ ಹಿಂದೆ ಚಿಕ್ಕಮ್ಮ, ಆಮೇಲೆ ಕ್ಯಾಮೆರಾ ಹೊತ್ತ ನಿರ್ದೇಶಕ, ಅವನ ಹಿಂದೆ ನಾನು. ಎಲ್ಲರಿಗಿಂತ ಹಿಂದೆ ಖಳ, ಕಥೆಯಲ್ಲಿ ಇರಬೇಕಾದ ಹಾಗೆಯೇ.

ಇಳಿಜಾರಿನ ಅರ್ಧದಲ್ಲಿ ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು. ತಿರುಗಿ ನೋಡಿದರೆ ನಮ್ಮ ಖಳ ಬಂಡೆಗೆ ಅಂಟಿಕೊಂಡು ಕೂತುಬಿಟ್ಟಿದ್ದಾನೆ. ಎರಡೂ ಕೈಯಲ್ಲಿ ಕಂಬಿ ತಬ್ಬಿದ್ದಾನೆ, ಕಣ್ಣು ಮುಚ್ಚಿದ್ದಾನೆ. ಕೆಳಗೆ ಬಸ್ಸುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು. ಅವನು ಅದನ್ನು ನೋಡಿದ್ದೇ ತಪ್ಪಾಗಿತ್ತು. ಅಷ್ಟು ಹೊತ್ತೂ ಕನ್ನಡದಲ್ಲಿ ಗತ್ತಿನಿಂದ ಮಾತಾಡುತ್ತಿದ್ದವನಿಗೆ ಹೆದರಿಕೆಯಲ್ಲಿ ಮನೆಯ ತೆಲುಗು ಬಂದುಬಿಟ್ಟಿತ್ತು.

"ನಾ ವಲ್ಲ ಕಾದಕ್ಕಾ, ನನ್ ಕೈಲಾಗಲ್ಲ. ನೀವು ಹೋಗಿ. ನಾನು ಇಲ್ಲೇ ಇರ್ತೀನಿ."

ಇಲ್ಲೇ ಇರುವುದು ಎಂದರೆ ಎಷ್ಟು ಹೊತ್ತು? ಗಾಳಿ ಬೀಸುತ್ತಿತ್ತು. ನಿರ್ದೇಶಕ ಕೆಳಗಿಳಿದು ಅವನ ಭುಜ ಹಿಡಿಯಲು ಹೋದ. ಅವನು ಇನ್ನೂ ಬಿಗಿಯಾಗಿ ಕಂಬಿ ತಬ್ಬಿದ. ನಾನು ಸಮಾಧಾನದ ಮಾತು ಹೇಳಿದೆ. ಅದು ಅವನ ಕಿವಿಗೆ ಬೀಳಲೇ ಇಲ್ಲ. ಮೇಲಿನಿಂದ ಬರುತ್ತಿದ್ದ ಯಾತ್ರಿಕರು ದಾರಿಯಿಲ್ಲದೆ ಸಾಲಾಗಿ ನಿಂತುಕೊಂಡರು.

ಚಿಕ್ಕಮ್ಮ ಚಪ್ಪಲಿ ಕಳಚಿ ಹುಡುಗಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದಳು. ಅವನನ್ನು ದಾಟಿ ಒಂದು ಗುಳಿ ಕೆಳಗೆ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು. ಮೈದಾನದಲ್ಲಿ ಸಾಲು ನಿಲ್ಲಿಸುವ ದನಿಯಲ್ಲಿ, ಎದ್ನಿಲ್ಲು ಎಂದಳು. ಆ ಮನುಷ್ಯ ಎದ್ದು ನಿಂತ. ಯಾಕೆ ನಿಂತೆನೋ ತನಗೇ ಗೊತ್ತಿಲ್ಲ ಎಂದು ಆಮೇಲೆ ನಮಗೆ ಹೇಳಿದ.

"ನನ್ ಹಿಮ್ಮಡಿ ಮಾತ್ರ ನೋಡು. ಊರ್ ನೋಡ್ಬ್ಯಾಡ. ನಾನು ಎಡಗಾಲು ಇಟ್ರೆ ನೀನೂ ಎಡಗಾಲು."

ಎಡ, ಬಲ, ಎಡ, ಬಲ ಎನ್ನುತ್ತಾ ಅವಳು ಇಳಿದಳು. ಅವನು ಅವಳ ಹಿಮ್ಮಡಿಯ ಮೇಲೆ ಕಣ್ಣು ನೆಟ್ಟುಕೊಂಡು ಇಳಿದ. ಮೆಟ್ಟಿಲು ಸಿಕ್ಕುವವರೆಗೆ ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಕೋಟೆ ಬಾಗಿಲ ನೆರಳಿಗೆ ಬಂದಮೇಲೆ ಅವನು ಕೂತು ಮುಖ ಮುಚ್ಚಿಕೊಂಡ. ಚಿಕ್ಕಮ್ಮ ನೀರಿನ ಬಾಟಲಿ ಅವನ ತೊಡೆಯ ಮೇಲಿಟ್ಟು, ಹೆದರೋದು ಕಾಯಿಲೆ ಏನಲ್ಲ, ಕುಡಿ ಅಂದಳು.

ಬೆಟ್ಟ ಹತ್ತಲಾರದ ಖಳನನ್ನು ಇಟ್ಟುಕೊಂಡು ಬೆಟ್ಟದ ಸಿನಿಮಾ ಮಾಡುವುದು ಹೇಗೆ? ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತ. ಆದರೆ ನನಗೆ ಆಗಲೇ ಹೊಳೆದಿತ್ತು. ಬಂಡೆಯ ಮೇಲೆ ಕಂಡದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಮುಂದೆ ಹೋಗುತ್ತಿರುವ ಒಬ್ಬಳು ಹೆಂಗಸು, ಅವಳ ಮಾತಿಗೆ ಎದ್ದು ನಿಲ್ಲುವ ಒಂದು ದೊಡ್ಡ ದೇಹ. ಅಧಿಕಾರ ಅಂದರೆ ಅದು. ಗಡ್ಡಕ್ಕೂ ಸರಕ್ಕೂ ಇಲ್ಲದ ಅಧಿಕಾರ. ನಾನು ಹಾಕಿದ ನಕ್ಷೆಯೇನೂ ತಪ್ಪಾಗಿರಲಿಲ್ಲ. ಅದರೊಳಗೆ ಕೂರಿಸಿದ ಜನ ಅದಲುಬದಲಾಗಿದ್ದರು.

ಅಲ್ಲೇ ಕೋಟೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಗುರುವೇ ಖಳ. ಇತಿಹಾಸದ ಮೇಡಂ ಬೆಟ್ಟದಿಂದ ಬಿದ್ದು ಸತ್ತಳೆಂದು ಹುಡುಗಿ ನಂಬುತ್ತಾಳೆ, ನೋಡುವವರೂ ನಂಬುತ್ತಾರೆ. ಅತ್ತುಕೊಂಡು ಹುಡುಕಾಟ ಮುಂದುವರಿಸುತ್ತಾಳೆ. ಇಂಟರ್ವಲ್ಲಿಗೆ ಪಾವಗಡದ ಬಯಲಿನಲ್ಲಿ, ಬಿಸಿಲಿಗೆ ಮುಖವೊಡ್ಡಿ ನಿಂತ ಆ ಸೋಲಾರ್ ಹಲಗೆಗಳ ಸಾಲಿನ ನಡುವಿನಿಂದ ಮೇಡಂ ನಡೆದು ಬರುತ್ತಾಳೆ. ಜಿಮ್ಮಿನವನು ಹುಡುಗಿಯ ಜೊತೆಗಾರ, ಎತ್ತರವೆಂದರೆ ಹೆದರುವ ದೈತ್ಯ. ನಿರ್ದೇಶಕ ತಲೆಯ ಮೇಲಿನ ಕೈ ಇಳಿಸಿದ. ಜಿಮ್ಮಿನವನು ನಿಜವಾಗಿಯೂ ತನ್ನನ್ನು ಕೈಬಿಡಲ್ವಾ ಎಂದು ಮತ್ತೆ ಮತ್ತೆ ಕೇಳಿದ.

ಚಿಕ್ಕಮ್ಮನೊಬ್ಬಳೇ ಒಪ್ಪಲಿಲ್ಲ. ಶಿರಾ ತಾಲ್ಲೂಕಿನ ತುಂಬ ತನ್ನ ಶಿಷ್ಯೆಯರಿದ್ದಾರೆ, ಅವರೆಲ್ಲ ತನ್ನನ್ನು ಕೆಟ್ಟವಳಾಗಿ ನೋಡುವುದು ಬೇಡ ಎಂದಳು. ನಾನು ಆ ವಾರ ಅವಳ ಮನೆಯಲ್ಲೇ ಉಳಿದೆ. ಅವಳನ್ನು ಒಪ್ಪಿಸಿದ್ದು ನನ್ನ ಮಾತಲ್ಲ, ಅವಳದೇ ಪ್ರಶ್ನೆ. ಈ ಮೇಡಮ್ಮಿಗೆ ಬಾಕು ಯಾಕೆ ಬೇಕು ಎಂದು ಇಬ್ಬರೂ ಯೋಚಿಸುತ್ತಾ ಹೋದೆವು. ಇಡೀ ಜೀವನ ಅದನ್ನೇ ಹುಡುಕಿದವಳು. ಎಲ್ಲಿದೆ ಎಂದು ಸರಿಯಾಗಿ ಲೆಕ್ಕ ಹಾಕಿದವಳು. ಆದರೆ ಯಾರೂ ನಂಬಲಿಲ್ಲ. ನಂಬುವ ಕಾಲಕ್ಕೆ ಮಂಡಿಯಲ್ಲಿ ಶಕ್ತಿಯಿಲ್ಲ. ಅದಕ್ಕೇ ಓಡುವ ಕಾಲುಗಳಿರುವ ಒಬ್ಬ ಹುಡುಗಿಯನ್ನು ಹುಡುಕಿ, ಅವಳನ್ನು ತಯಾರು ಮಾಡಿ ಬಿಡುತ್ತಾಳೆ. ಸಿಕ್ಕಾಗ ತಾನು ತೆಗೆದುಕೊಳ್ಳುವುದು ನ್ಯಾಯ ಎಂದೇ ಅವಳ ಲೆಕ್ಕ.

"ಇವ್ಳು ಕೆಟ್ಟೋಳಲ್ಲ ಕಣೇ," ಎಂದಳು ಚಿಕ್ಕಮ್ಮ ಒಂದು ಸಂಜೆ ಸೊಪ್ಪು ಬಿಡಿಸುತ್ತಾ. "ತಾನೇ ಸರಿ ಅಂದ್ಕಂಡವ್ಳೆ. ಅಂಥೋರು ನಂಗೆ ಗೊತ್ತು. ಮಾಡ್ತೀನಿ ಬುಡು."

ಅಲ್ಲಿಂದ ಮುಂದೆ ನಮ್ಮ ಭಾನುವಾರಗಳು ಕುದುರೆಯ ಹಾಗೆ ಓಡಿದವು. ಕೊರಟಗೆರೆಯ ಕಡೆ ಬೆಟ್ಟದ ಗುಹೆಯಲ್ಲಿ ನಮ್ಮ ದೈತ್ಯ ಬಾಗಿ ಬಾಗಿ ನಡೆದು ತಲೆ ಹೊಡೆಸಿಕೊಂಡದ್ದು ಅಭಿನಯವಲ್ಲ, ಅದನ್ನೂ ಇಟ್ಟುಕೊಂಡೆವು. ಪಾವಗಡದ ಬಯಲಿನಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ಕುರಿ ಕಾಯುವ ಹೆಂಗಸೊಬ್ಬಳು ಚಿಕ್ಕಮ್ಮ ನಡೆದು ಬರುವುದನ್ನು ನೋಡಿ, ಯಾರೋ ದೊಡ್ಡ ಆಫೀಸರಮ್ಮ ಬಂದರೆಂದು ಕುರಿಗಳನ್ನೆಲ್ಲ ಬದಿಗೆ ಹೊಡೆದಳು. ಆ ದೃಶ್ಯದಲ್ಲಿ ಆ ಕುರಿಗಳು ಸರಿದು ದಾರಿ ಬಿಡುವುದನ್ನು ನೀವು ನೋಡಬೇಕು. ಎಷ್ಟು ಬರೆದರೂ ನನಗೆ ಅಂಥ ಇಂಟರ್ವಲ್ ಸಿಗುತ್ತಿರಲಿಲ್ಲ.

ತೊಡಕಾದದ್ದು ಮದಲೂರಿನಲ್ಲಿ, ಕೊನೆಯ ಭಾಗದಲ್ಲಿ.

ಕೆರೆ ಏರಿಯ ಮೇಲೆ ನಾಯಕಿಯೂ ಖಳನಾಯಕಿಯೂ ಎದುರುಬದುರು ನಿಲ್ಲುವ ದೃಶ್ಯ. ಬಾಕು ಹುಡುಗಿಯ ಕೈಯಲ್ಲಿದೆ. ಚಿಕ್ಕಮ್ಮ ಕೈಚಾಚಿ, ಓಡೋದು ಕಲ್ಸಿದ್ದೇ ನಾನು, ಕೊಡು ಅನ್ನಬೇಕು. ಹುಡುಗಿ ಸಿಟ್ಟಿನಿಂದ ಎದುರು ನಿಲ್ಲಬೇಕು. ಆಮೇಲೆ ಹೊಡೆದಾಟ. ಆದರೆ ಹುಡುಗಿಗೆ ಸಿಟ್ಟೇ ಬರುತ್ತಿರಲಿಲ್ಲ. ಮೇಡಂ ಎದುರು ನಿಂತ ಕೂಡಲೇ ಅವಳ ಕಣ್ಣು ನೆಲಕ್ಕೆ ಹೋಗುತ್ತಿತ್ತು, ದನಿ ತರಗತಿಯ ದನಿಯಾಗುತ್ತಿತ್ತು. ನಿರ್ದೇಶಕ ಮತ್ತೆ ಮತ್ತೆ ತೆಗೆದ. ನಾನು ಮಾತು ಬದಲಿಸಿ ಕೊಟ್ಟೆ. ಪ್ರಯೋಜನವಾಗಲಿಲ್ಲ. ಕೆರೆಯ ಮೇಲಿನ ಬೆಳಕು ಬೆಳ್ಳಗಾಗುತ್ತಾ ಬಂತು, ಇನ್ನು ಸ್ವಲ್ಪ ಹೊತ್ತಾದರೆ ನೆರಳೆಲ್ಲ ಕಾಲಡಿಗೆ ಸೇರಿ ದೃಶ್ಯ ಕೆಡುತ್ತದೆ ಎಂದು ನಿರ್ದೇಶಕ ಚಡಪಡಿಸಿದ.

ಚಿಕ್ಕಮ್ಮ ಏರಿಯ ಮೇಲೆ ಒಬ್ಬಳೇ ಸ್ವಲ್ಪ ದೂರ ನಡೆದು ಹೋಗಿ ನೀರು ನೋಡುತ್ತಾ ನಿಂತಳು. ತಿರುಗಿ ಬಂದು ನಿರ್ದೇಶಕನಿಗೆ, ಏನೇ ಆದರೂ ಕ್ಯಾಮೆರಾ ನಿಲ್ಲಿಸಬೇಡ ಎಂದಳು. ತನ್ನ ಜಾಗದಲ್ಲಿ ನಿಂತಳು. ಕೈ ಚಾಚಿದಳು. ಹೇಳಿದ್ದು ಮಾತ್ರ ನಾನು ಬರೆದ ಮಾತಲ್ಲ.

"ಅವತ್ತು ನಿನ್ನ ಟೀಮಿಂದ ತೆಗೆದಾಗ ಒಂದು ಮಾತೂ ಕೇಳ್ಲಿಲ್ಲ ನೀನು. ಕೇಳೋ ಧೈರ್ಯ ಇರ್ಲಿಲ್ಲ. ಇವತ್ತೂ ಇಲ್ಲ. ಕೊಡು."

ಹುಡುಗಿಯ ತಲೆ ಮೇಲೆದ್ದಿತು. ನಾನು ಅವಳ ಆ ಮುಖವನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

"ಕೇಳಕ್ಕೆ ಬಿಟ್ರಾ ನೀವು?" ಅವಳ ದನಿ ಜೋರಾಗಲಿಲ್ಲ, ಇನ್ನೂ ತಗ್ಗಿತು. "ಬೋರ್ಡಲ್ಲಿ ನನ್ನೆಸ್ರು ಇರ್ಲಿಲ್ಲ. ಅಷ್ಟೇ. ಆದ್ರೂ ಬ್ಯಾಗ್ ಹಿಡ್ಕಂಡು ಬಂದು ಬಸ್ಸತ್ರ ನಿಂತಿದ್ದೆ. ನೀವು ಕಿಟಕೀಲಿ ನನ್ನ ನೋಡುದ್ರಿ. ನೋಡ್ಬುಟ್ಟು ಆ ಕಡೆ ತಿರುಕ್ಕಂಡ್ರಿ. ಬಸ್ಸು ಹೋಯ್ತು."

ಚಿಕ್ಕಮ್ಮನ ಚಾಚಿದ ಕೈ ಚಾಚಿದ ಹಾಗೆಯೇ ಇತ್ತು. ಹುಡುಗಿ ಆ ಕೈಯನ್ನೊಮ್ಮೆ ನೋಡಿದಳು. ಬಾಕುವನ್ನು ಕೊಡಲೂ ಇಲ್ಲ, ಎತ್ತಲೂ ಇಲ್ಲ. ತಿರುಗಿ ಏರಿಯ ಮೇಲೆ ನಡೆದುಕೊಂಡು ಹೊರಟುಹೋದಳು. ಓಡಲಿಲ್ಲ. ಅವಳು ಚಿಕ್ಕದಾಗಿ ಕಾಣುತ್ತಾ ಹೋದಂತೆ ಚಿಕ್ಕಮ್ಮ ನಿಂತೇ ಇದ್ದಳು. ಆಮೇಲೆ ನಿಧಾನವಾಗಿ ಕೈ ಇಳಿಸಿದಳು. ನಿರ್ದೇಶಕ ಕಟ್ ಅನ್ನುವುದನ್ನು ಮರೆತಿದ್ದ. ನಮ್ಮ ದೈತ್ಯ ಕಣ್ಣೊರೆಸಿಕೊಳ್ಳುತ್ತಿದ್ದ.

ಹುಡುಗಿ ಏರಿಯ ಆ ತುದಿಯ ಹೊಂಗೆಮರದ ಕೆಳಗೆ ಕೂತಿದ್ದಳು. ಚಿಕ್ಕಮ್ಮ ಅಲ್ಲಿಗೆ ಹೋದಳು. ನಾನೂ ಹಿಂದೆ ಹೋದೆ, ಬೇಡವೆಂದು ಇಬ್ಬರೂ ಹೇಳಲಿಲ್ಲ. ಆಗ ನನಗೆ ಆ ಕಥೆ ಪೂರ್ತಿ ತಿಳಿಯಿತು. ಹುಡುಗಿ ಹತ್ತನೇ ತರಗತಿಯಲ್ಲಿದ್ದಾಗ ವಿಭಾಗ ಮಟ್ಟದ ಖೋ ಖೋ ಪಂದ್ಯಕ್ಕೆ ಹೋಗುವ ತಂಡದಲ್ಲಿ ಅವಳೇ ಮುಂದಿದ್ದಳು. ಅಭ್ಯಾಸದಲ್ಲಿ ಮಂಡಿ ತಿರುಗಿ ಊದಿಕೊಂಡಿತು. ಅವಳು ನೋವಿಲ್ಲ, ಆಡುತ್ತೇನೆ ಅನ್ನುತ್ತಲೇ ಇದ್ದಳು. ಚಿಕ್ಕಮ್ಮ ಯಾರಿಗೂ ಕಾರಣ ಹೇಳದೆ ಬೇರೊಬ್ಬಳ ಹೆಸರು ಬರೆದಳು. ಆ ಬೇರೊಬ್ಬಳು ಊರಿನ ಅನುಕೂಲಸ್ಥರ ಮನೆಯವಳಾಗಿದ್ದರಿಂದ ಹುಡುಗಿ, ಅವಳ ಮನೆಯವರು, ಎಲ್ಲರೂ ಬೇರೆಯೇ ಕಾರಣ ಎಂದುಕೊಂಡರು. ಹುಡುಗಿ ಆಮೇಲೆ ಆಡಲೇ ಇಲ್ಲ.

ಚಿಕ್ಕಮ್ಮ ಅವಳ ಪಕ್ಕ ಕೂತು ತನ್ನ ಲೆಕ್ಕ ಹೇಳಿದಳು. ಆ ಕಾಲಲ್ಲಿ ಆಡಿಸಿದ್ದರೆ ಆ ಕಾಲೇ ಹೋಗುತ್ತಿತ್ತು, ಈಗ ಬೆಟ್ಟ ಹತ್ತಿದ್ದು ಅದೇ ಕಾಲು ಎಂದಳು. ತಾನು ಮಾಡಿದ್ದು ಸರಿ, ಈಗ ಕೇಳಿದರೂ ಹಾಗೆಯೇ ಮಾಡುತ್ತೇನೆ ಎಂದಳು.

"ಮಾಡಿ. ಹೇಳ್ಬೋದಿತ್ತಲ್ಲ ಮೇಡಂ," ಎಂದಳು ಹುಡುಗಿ.

ಚಿಕ್ಕಮ್ಮ ಒಂದು ಹೊಂಗೆ ಎಲೆ ಕಿತ್ತು ಮಡಿಸಿದಳು.

"ಹೇಳಿದ್ರೆ ಅಳ್ತಿದ್ದೆ ನೀನು. ನೀನ್ ಅತ್ತಿದ್ದು ನೋಡಿದ್ರೆ ಬಸ್ ಹತ್ತಿಸ್ಕಂಡ್ಬುಡ್ತಿದ್ದೆ ನಾನು. ಅದಕ್ಕೇ ಕಿಟಕೀಲಿ ತಿರುಕ್ಕಂಡಿದ್ದು."

ಇಬ್ಬರೂ ತಬ್ಬಿಕೊಂಡು ಅತ್ತರು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಹುಡುಗಿ ಬಾಟಲಿ ತೆಗೆದು ನೀರು ಕುಡಿದು, ಚಿಕ್ಕಮ್ಮನ ಕೈಗೂ ಕೊಟ್ಟಳು. ಅಷ್ಟೇ ಆದದ್ದು. ಆ ತುಣುಕನ್ನು ಸಿನಿಮಾದಲ್ಲಿ ಇಡಬೇಕೋ ಬೇಡವೋ ಎಂದು ನಾನು ಹುಡುಗಿಯನ್ನೇ ಕೇಳಿದೆ. ಮಾತು ಅವಳದು, ನೋವೂ ಅವಳದು. ಅವಳು ಒಂದು ವಾರ ಯೋಚಿಸಿ ಅಂಗಡಿಯಿಂದ ಫೋನು ಮಾಡಿದಳು. ಇಡಿ ಅಕ್ಕ, ಆದರೆ ಖೋ ಖೋ ಅಂತ ಎಲ್ಲೂ ಬರುವುದು ಬೇಡ, ಕೇಳುವವರು ಯಾವುದೋ ಟೀಮು, ಯಾವುದೋ ಬಸ್ಸು ಅಂದುಕೊಳ್ಳಲಿ ಎಂದಳು. ಅದಕ್ಕೆ ತಕ್ಕಂತೆ ನಾನು ಮೊದಲ ಭಾಗದಲ್ಲಿ ಎರಡು ಸಣ್ಣ ಮಾತು ಸೇರಿಸಿದೆ. ಇತಿಹಾಸದ ಮೇಡಂ ಹಿಂದೊಮ್ಮೆ ಮಕ್ಕಳ ಟೀಮು ಕಟ್ಟಿ ಬಸ್ಸಿನಲ್ಲಿ ಕೋಟೆ ನೋಡಲು ಕರೆದುಕೊಂಡು ಹೋದಾಗ, ಆಗಿನ್ನೂ ಶಾಲೆಯಲ್ಲಿದ್ದ ಈ ಅಂಚೆಯ ಹುಡುಗಿಯನ್ನು ಬಿಟ್ಟುಹೋಗಿದ್ದಳು, ಅಷ್ಟು. ಎಲ್ಲ ಕೂಡಿಕೊಂಡಿತು.

ನಿರ್ದೇಶಕನಿಗೆ ಒಂದೇ ಚಿಂತೆ. ಕೊನೆಯಲ್ಲಿ ಹೊಡೆದಾಟವೇ ಇಲ್ಲದ ಆಕ್ಷನ್ ಸಿನಿಮಾ ಯಾರು ನೋಡುತ್ತಾರೆ? ನಾನು ಈ ವಿಷಯದಲ್ಲಿ ಹಿಂದೆ ಸರಿಯಲಿಲ್ಲ. ಹೊಡೆದಾಟ ಇರುವುದು ಇಬ್ಬರಲ್ಲಿ ಒಬ್ಬರು ಸೋಲಲಿ ಎಂದು. ಇಲ್ಲಿ ಸೋಲು ಆಗಿಯೇ ಹೋಗಿದೆ, ಇನ್ನು ಕೈ ಕೈ ಮಿಲಾಯಿಸಿದರೆ ಆದದ್ದು ಅಳಿಸಿಹೋಗುತ್ತದೆ. ಬೇಕಿದ್ದರೆ ಅದಕ್ಕೆ ಮೊದಲು ಒಂದು ಓಟ ಇಡು ಎಂದೆ. ಮುಂದಿನ ಭಾನುವಾರ ಅದೇ ಏರಿಯ ಮೇಲೆ ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ ಹುಡುಗಿಯ ಬೆನ್ನು ಹತ್ತಿ ಓಡಿದಳು. ಮಂಡಿಯಲ್ಲಿ ಶಕ್ತಿಯಿಲ್ಲದವಳ ಪಾತ್ರ ಎಂದು ನೆನಪಿಸಿದರೂ ಅವಳ ವೇಗ ತಗ್ಗಲಿಲ್ಲ. ಕೊನೆಗೆ ನಾನು ಕಥೆಯಲ್ಲೇ, ಮಂಡಿ ನೋವೂ ಒಂದು ನಾಟಕವಾಗಿತ್ತು ಎಂದು ಬದಲಿಸಿಬಿಟ್ಟೆ. ಅದರಿಂದ ಖಳನಾಯಕಿ ಇನ್ನಷ್ಟು ಬಲವಾದಳು.

ಮಧುಗಿರಿಯ ಒಂದು ಥಿಯೇಟರಿನವರು ಬೆಳಗಿನ ಆಟಕ್ಕೆ ಅವಕಾಶ ಕೊಟ್ಟರು. ನಾಲ್ಕೂ ತಾಲ್ಲೂಕಿನಿಂದ ಜನ ಬಂದರು. ನಾನು ಪರದೆಯನ್ನು ನೋಡಲಿಲ್ಲ, ಪಕ್ಕದ ಗೋಡೆಗೆ ಒರಗಿ ಜನರ ಮುಖ ನೋಡುತ್ತಾ ನಿಂತೆ. ಎತ್ತರಕ್ಕೆ ಹೆದರುವ ದೈತ್ಯ ಬಂದಾಗಲೆಲ್ಲ ನಗು ಉಕ್ಕಿತು. ಪಾವಗಡದಿಂದ ಬಂದಿದ್ದ ಅವನ ಜಿಮ್ಮಿನ ಹುಡುಗರು ಎದ್ದು ನಿಂತು ಕೂಗಿದರು. ಇಂಟರ್ವಲ್ಲಿನಲ್ಲಿ ಕುರಿಗಳು ಸರಿದು ಚಿಕ್ಕಮ್ಮ ನಡೆದು ಬಂದಾಗ ಸಭೆ ಒಮ್ಮೆ ಉಸಿರು ಹಿಡಿದು, ಆಮೇಲೆ ಸಿಳ್ಳೆ ಹೊಡೆಯಿತು. ಕೆರೆ ಏರಿಯ ದೃಶ್ಯಕ್ಕೆ ಯಾರೂ ಸಿಳ್ಳೆ ಹೊಡೆಯಲಿಲ್ಲ. ಫೋನು ನೋಡುತ್ತಿದ್ದವರು ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಕಥೆ ಬರೆಯುವವಳಿಗೆ ಇದಕ್ಕಿಂತ ಬೇರೆ ಏನು ಬೇಕು? ನನ್ನ ಕೆಲಸ ನನಗೆ ಬರುತ್ತದೆ ಎಂದು ಆ ಹೊತ್ತಿನಲ್ಲಿ ಯಾವ ಸಂಕೋಚವೂ ಇಲ್ಲದೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನಾನು ನಿಂತಿದ್ದ ಕಡೆಯ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಆ ಮೇಡಮ್ಮು ಆಸೆಪಟ್ಟಿದ್ದು ತಪ್ಪಲ್ಲ, ಆದರೆ ಆ ಮಗೀನ ಒಂದು ಮಾತು ಕೇಳದೆ ಎಲ್ಲ ತಾನೇ ತೀರ್ಮಾನ ಮಾಡಿದಳಲ್ಲ, ಅದು ತಪ್ಪು ಎಂದು. ಅವರ ಹಿಂದೆಯೇ ಕೂತಿದ್ದ ಚಿಕ್ಕಮ್ಮ ಅದನ್ನು ಕೇಳಿಸಿಕೊಂಡಳು. ತಾನು ಯಾರೆಂದು ಹೇಳಿಕೊಳ್ಳದೆ ಪರದೆಯನ್ನು ನೋಡುತ್ತಾ ಕೂತಳು.

ಆಟ ಮುಗಿದ ಮೇಲೆ ಹುಡುಗಿ ನಮ್ಮೆಲ್ಲರನ್ನೂ ದೊಡ್ಡೇರಿಯ ತನ್ನ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ಅವಳ ತಾಯಿ ಸಿನಿಮಾ ನೋಡಲು ಬಂದಿರಲಿಲ್ಲ. ಮಗಳನ್ನು ಟೀಮಿನಿಂದ ತೆಗೆದ ಮೇಡಮ್ಮಿನ ಮುಖ ನೋಡುವುದಿಲ್ಲ ಎಂದು ಅಷ್ಟು ವರ್ಷದಿಂದ ಹಟ ಹಿಡಿದವರು ಎಂದು ಹುಡುಗಿ ಕಾರಿನಲ್ಲಿ ಹೇಳಿದಾಗ ನನಗೆ ಸ್ವಲ್ಪ ಅಳುಕಾಯಿತು. ಚಿಕ್ಕಮ್ಮ ಮಾತ್ರ, ಹಂಗಾದ್ರೆ ಹೋಗ್ಲೇಬೇಕು ಎಂದಳು.

ಚಾಪೆ ಹಾಸಿ ಎಲೆ ಹಾಕಿದ್ದರು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಆ ತಾಯಿ ಎಲ್ಲರಿಗೂ ಬಡಿಸುತ್ತಾ ಬಂದರು. ಚಿಕ್ಕಮ್ಮನ ಎಲೆಯ ಮುಂದೆ ಬಂದು ನಿಂತರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ಹೊಂಗೆಮರದ ಕೆಳಗಿನ ಮಾತನ್ನೆಲ್ಲ ತಾಯಿಗೆ ಹೇಳಿದ್ದಳೆಂದು ಆ ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

"ಕಾಲಿನ ಇಸ್ಯ ಗೊತ್ತಾತು," ಎಂದರು ಆ ತಾಯಿ. "ಆದ್ರೂ ಇಷ್ಟ್ ವರ್ಸ ನಾನು ಬೈದಿದ್ದು ಬೈದಿದ್ದೇ ಕಣಮ್ಮ. ವಾಪಸ್ ತಗಳಲ್ಲ. ಈಗ ಉಣ್ಣು."

ಮುದ್ದೆ ಇಟ್ಟು, ಸಾರು ಧಾರಾಳವಾಗಿ ಸುರಿದರು. ಚಿಕ್ಕಮ್ಮ ಅವರ ಮುಖ ನೋಡಿ ತಲೆಯಾಡಿಸಿದಳು. ಅವಳ ಮುಖದಲ್ಲಿ ನಗು ಇತ್ತು. ನಮ್ಮ ದೈತ್ಯ ನಡುವೆ ಬಾಯಿ ಹಾಕಿ ತನಗೆ ಇನ್ನೊಂದು ಮುದ್ದೆ ಬೇಕೆಂದ. ಹುಡುಗಿ ಒಳಗಿನಿಂದ ಪಾತ್ರೆ ತಂದು ಮೊದಲು ಅವನಿಗೆ, ಆಮೇಲೆ ಕೇಳದೆಯೇ ಚಿಕ್ಕಮ್ಮನ ಎಲೆಗೂ ಅರ್ಧ ಮುದ್ದೆ ಇಟ್ಟಳು. ಸಾಕು ಎಂದು ಚಿಕ್ಕಮ್ಮ ಕೈ ಅಡ್ಡ ಹಿಡಿಯಲಿಲ್ಲ. ಬಗ್ಗಿ ಉಣ್ಣತೊಡಗಿದಳು.